ಪಂಪ್ ನಿಲ್ಲಿಸಲು ನಮ್ಮ ಸಹಿ ಕೇಳುತ್ತಿದ್ದಾರೆ. ಹಾಕಬೇಕಾ?

ಮೂರನೇಬೀದಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ತಾಳ್ಮೆಯಿಂದ ಓದಿ.

ನಮ್ಮ ಮನೆಗಳ ಪಕ್ಕದಲ್ಲಿ ಲೋಹದ ಬಿಡಿಭಾಗ ಮಾಡುವ ಕಾರ್ಖಾನೆ ಇತ್ತು, ಈಗ ಮುಚ್ಚಿದೆ. ಜಿಡ್ಡು ತೆಗೆಯಲು ಟ್ರೈಕ್ಲೋರೋಎಥಿಲೀನ್ ಬಳಸುತ್ತಿದ್ದರು, ಎಲ್ಲರೂ ಟಿಸಿಇ ಅನ್ನುತ್ತಾರೆ. ಅದು ನೆಲಕ್ಕೆ ಇಳಿದು ಅಂತರ್ಜಲ ಸೇರಿತು. ನಾಲ್ಕು ವರ್ಷದಿಂದ ನೀರನ್ನು ಮೇಲೆತ್ತಿ, ಇದ್ದಿಲಿನ ಟ್ಯಾಂಕಿನಲ್ಲಿ ಸೋಸಿ ಬಿಡುತ್ತಿದ್ದಾರೆ. ಉಸ್ತುವಾರಿಗೆ ಏಳು ಜನರ ಸಮಿತಿ. ಅದರಲ್ಲಿ ನಿವಾಸಿಗಳು ಇಬ್ಬರು, ಒಬ್ಬ ನಾನು. ಓದಿದ್ದು ವಾಣಿಜ್ಯ, ರಸಾಯನಶಾಸ್ತ್ರದ ಗಂಧ ಇಲ್ಲ.

ಹೋದ ವಾರ ಕಂಪನಿಯ ಸಲಹೆಗಾರರು 340 ಪುಟದ ವರದಿ ಕೊಟ್ಟರು. ಒಂದು ವರ್ಷದಿಂದ ಪರೀಕ್ಷೆಗೆಂದು ಕೊರೆದ ಎಲ್ಲ ಬಾವಿಯಲ್ಲೂ ಟಿಸಿಇ ಮಿತಿಗಿಂತ ಕೆಳಗಿದೆ, ನೂರಕ್ಕೆ 92 ಭಾಗ ತೆಗೆದಾಗಿದೆ, ಇನ್ನು ಪಂಪ್ ನಿಲ್ಲಿಸಬಹುದು, ಸಮಿತಿಯವರು ಸಹಿ ಮಾಡಿ ಅನ್ನುತ್ತಾರೆ. ಸಭೆಯಲ್ಲಿ ಟೀ ಕುಡಿಯುತ್ತಾ ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ, ಸುಳ್ಳು ಯಾಕೆ ಹೇಳಲಿ. ಮನೆಗೆ ಬಂದ ಮೇಲೆ ಹೊಟ್ಟೆಯಲ್ಲಿ ಏನೋ ಸರಿ ಅನ್ನಿಸಲಿಲ್ಲ.

ಈ 340 ಪುಟದಲ್ಲಿ ನಾನು ನೋಡಬೇಕಾದ್ದು ಏನು? ಗೊತ್ತಿದ್ದವರು ಹೇಳಿ.

ನೆಲದಡಿ

ಅಂತರ್ಜಲದ ಕೆಲಸವೇ ನನ್ನ ಹೊಟ್ಟೆಪಾಡು, ಹಾಗಾಗಿ ಬರೆಯುತ್ತಿದ್ದೇನೆ.

340 ಪುಟ ಓದಬೇಡಿ. ಅಷ್ಟು ದಪ್ಪ ಮಾಡುವುದೇ ಯಾರೂ ಓದದಿರಲಿ ಅಂತ (ಎಲ್ಲರೂ ಹಾಗಲ್ಲ, ಆದರೂ). ಮೂರು ಹಾಳೆ ಹುಡುಕಿ. ಒಂದು, ಬಾವಿಗಳು ಎಲ್ಲೆಲ್ಲಿವೆ ಅನ್ನುವ ನಕ್ಷೆ, ನೀರು ಹರಿಯುವ ದಿಕ್ಕಿನ ಬಾಣ ಇರುವಂಥದ್ದು. ಎರಡು, ಮೊದಲ ದಿನದಿಂದ ಇವತ್ತಿನವರೆಗಿನ ಫಲಿತಾಂಶದ ಪಟ್ಟಿ. ಬರೀ ಕೊನೆ ವರ್ಷದ್ದಲ್ಲ. ಮೂರು, ಪ್ರತಿ ಬಾವಿ ಎಷ್ಟು ಆಳ, ಕೇಸಿಂಗ್ ಪೈಪಿಗೆ ಎಷ್ಟು ಅಡಿಯಿಂದ ಎಷ್ಟು ಅಡಿವರೆಗೆ ತೂತು ಬಿಟ್ಟಿದ್ದಾರೆ ಅನ್ನುವ ವಿವರ.

ಈಗ ಮುಖ್ಯ ವಿಷಯ. ಟಿಸಿಇ ನೀರಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಎಣ್ಣೆಯ ಹಾಗೆ ತೇಲುವುದಿಲ್ಲ, ಮುಳುಗುತ್ತದೆ. ಮರಳಿನ ಪದರ ದಾಟಿ ಇಳಿದು, ಕೆಳಗಿನ ಜೇಡಿಮಣ್ಣಿನ ಮೇಲೆ ಕೂರುತ್ತದೆ. ವರ್ಷಗಟ್ಟಲೆ ಕೂತರೆ ಜೇಡಿಮಣ್ಣಿನ ಒಳಗೂ ನುಸುಳುತ್ತದೆ. ನೀವು ಪಂಪ್ ಮಾಡುವಾಗ ಮರಳಿನಲ್ಲಿರುವ ನೀರು ಬೇಗ ಶುದ್ಧವಾಗುತ್ತದೆ, ಲೆಕ್ಕದಲ್ಲಿ ಚೆನ್ನಾಗಿ ಕಾಣುತ್ತದೆ. ಪಂಪ್ ನಿಲ್ಲಿಸಿ ನೋಡಿ. ಜೇಡಿಮಣ್ಣು ನುಂಗಿದ್ದನ್ನು ನಿಧಾನಕ್ಕೆ ವಾಪಸ್ ಕಕ್ಕುತ್ತದೆ, ತಿಂಗಳುಗಳ ನಂತರ ಅಂಕಿ ಮತ್ತೆ ಏರುತ್ತದೆ. ನಮ್ಮ ಕಸುಬಿನಲ್ಲಿ ಇದು ಹೊಸ ಸುದ್ದಿಯೇ ಅಲ್ಲ, ರೀಬೌಂಡ್ ಅನ್ನುತ್ತಾರೆ.

ಅಂದರೆ ಪಂಪ್ ಓಡುತ್ತಿರುವಾಗ ತೆಗೆದ ಅಂಕಿ ಇಟ್ಟುಕೊಂಡು ಪಂಪ್ ನಿಲ್ಲಿಸಬಹುದು ಎಂದು ಹೇಳುವುದು, ಮಾತ್ರೆ ನುಂಗಿದ ರೋಗಿಗೆ ಥರ್ಮಾಮೀಟರ್ ಇಟ್ಟು ಜ್ವರ ವಾಸಿ ಅಂದ ಹಾಗೆ.

ಆ 92 ಭಾಗದ ಲೆಕ್ಕವನ್ನೂ ಕೇಳಿ. ನೂರು ಎಷ್ಟು ಅಂತ ಗೊತ್ತಿದ್ದರೆ ತಾನೇ 92 ಗೊತ್ತಾಗುವುದು? ಎಷ್ಟು ಚೆಲ್ಲಿತ್ತು ಅಂತ ಯಾರು ಅಳೆದಿದ್ದರು? ಅಮೆರಿಕದಲ್ಲಿ ಕುಡಿಯುವ ನೀರಿಗೆ ಟಿಸಿಇ ಮಿತಿ ಲೀಟರಿಗೆ 5 ಮೈಕ್ರೋಗ್ರಾಂ. ಒಂದು ಲೀಟರ್ ಟಿಸಿಇ ತೂಗುವುದು ಸುಮಾರು 1.46 ಕೆಜಿ. ಭಾಗಿಸಿ ನೋಡಿ, ಒಂದೇ ಒಂದು ಲೀಟರ್ ಸಾಕು, 29 ಕೋಟಿ ಲೀಟರ್ ನೀರನ್ನು ಆ ಮಿತಿಗೆ ತಂದು ನಿಲ್ಲಿಸಲು. ಉಳಿದ 8 ಭಾಗ ಎಷ್ಟು ಲೀಟರ್ ಅಂತ ಕೇಳಿ ಅವರನ್ನ.

ಹಳೇಗುತ್ತಿಗೆ

ನಾನು ಮೇಜಿನ ಆ ಕಡೆ ಕೂತು ಇಂಥ ವರದಿ ಬರೆದವನು. ಈಗ ಬಿಟ್ಟಿದ್ದೇನೆ. ನೆಲದಡಿ ಸರ್ ಹೇಳಿದ್ದು ಸರಿ. ನಾನು ಕೆಳಮಟ್ಟದ ವಿಷಯ ಹೇಳುತ್ತೇನೆ.

ಸುಳ್ಳು ಬರೆಯಬೇಕಾಗಿಯೇ ಇಲ್ಲ. ಜಾಗ ಮತ್ತು ಸಮಯ ಆರಿಸಿಕೊಂಡರೆ ಸಾಕು. ಜಾಸ್ತಿ ಬರುತ್ತಿದ್ದ ಬಾವಿ ಇದ್ದಕ್ಕಿದ್ದಂತೆ "ಹಾಳಾಗಿದೆ" ಎಂದು ಪಟ್ಟಿಯಿಂದ ಹೋಗಿರುತ್ತದೆ. ಐದು ಕಡೆಯ ಮಣ್ಣನ್ನು ಒಂದೇ ಬಕೆಟ್ಟಿಗೆ ಹಾಕಿ ಕಲಸಿ ಒಂದು ಸ್ಯಾಂಪಲ್ ಮಾಡುತ್ತಾರೆ, ಒಂದು ಕಡೆ ವಿಷ ಇದ್ದರೂ ಐದರಲ್ಲಿ ಒಂದಾಗಿ ಕರಗಿಹೋಗುತ್ತದೆ. ಅದೂ ಟಿಸಿಇ ಥರದ್ದಾದರೆ ಕಲಸುವಾಗಲೇ ಅರ್ಧ ಗಾಳಿಗೆ ಹಾರಿರುತ್ತದೆ.

ಆಮೇಲೆ "ಪತ್ತೆಯಾಗಿಲ್ಲ" ಅನ್ನುವ ಪದ. ಇದನ್ನು ಓದಿ ಜನ ಸೊನ್ನೆ ಅಂದುಕೊಳ್ಳುತ್ತಾರೆ. ಅಲ್ಲ. ಆ ಲ್ಯಾಬಿನ ಯಂತ್ರ ಎಷ್ಟು ಸಣ್ಣ ಪ್ರಮಾಣದವರೆಗೆ ಕಾಣಬಲ್ಲದು ಅನ್ನುವುದಕ್ಕೆ ಒಂದು ಗಡಿ ಇದೆ, ಅದಕ್ಕಿಂತ ಕಡಿಮೆ ಇದೆ ಅಂತ ಮಾತ್ರ ಅರ್ಥ. ಮಿತಿ 5 ಇದ್ದು ಯಂತ್ರದ ಗಡಿ 10 ಇದ್ದರೆ "ಪತ್ತೆಯಾಗಿಲ್ಲ" ಎಂದರೆ ಕತ್ತಲಲ್ಲಿ ನೋಡಿ ಯಾರೂ ಇಲ್ಲ ಅಂದ ಹಾಗೆ. ಪಟ್ಟಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಇರುತ್ತದೆ, ಹುಡುಕಿ.

ಅಪರೂಪಕ್ಕೆ ನೇರ ಮೋಸವೂ ಆಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೋದ ಹಂಟರ್ಸ್ ಪಾಯಿಂಟ್ ನೌಕಾನೆಲೆಯ ಸ್ವಚ್ಛತೆಯಲ್ಲಿ ಕೊಳೆಯಾದ ಜಾಗದ ಮಣ್ಣಿನ ಬದಲು ಒಳ್ಳೆ ಜಾಗದ ಮಣ್ಣು ಕಳಿಸಿದ್ದರು. ದಾಖಲೆ ತಿದ್ದಿದ್ದಕ್ಕೆ ಗುತ್ತಿಗೆ ಕಂಪನಿಯ ಇಬ್ಬರು ಮೇಲ್ವಿಚಾರಕರಿಗೆ 2018ರಲ್ಲಿ ತಲಾ ಎಂಟು ತಿಂಗಳು ಜೈಲಾಯಿತು. ಅಲ್ಲಿ ಬಾಯಿ ಬಿಟ್ಟವರಲ್ಲಿ ಅದೇ ಜಾಗದಲ್ಲಿ ಕೆಲಸ ಮಾಡಿದವರು ಇದ್ದರು. ಹಾಗಾಗಿ ಕೆಲಸದವರ ಜೊತೆ ಮಾತಾಡಿ. ಸಲಹೆಗಾರರ ಜೊತೆ ಆಡುವುದಕ್ಕಿಂತ ಅದು ಉಪಯೋಗ.

ಮೂರನೇಬೀದಿ

ಸರ್, ರಾತ್ರಿ ಕೂತು ಪಟ್ಟಿ ತೆಗೆದೆ. ಬಾವಿ 6 ಎರಡು ವರ್ಷದ ಹಿಂದಿನವರೆಗೆ ಇದೆ. ಆಮೇಲೆ ಇಲ್ಲ. ಅಡಿಟಿಪ್ಪಣಿಯಲ್ಲಿ "ಬಾವಿಗೆ ಹಾನಿ, ಕೈಬಿಡಲಾಗಿದೆ" ಅಂತ ಒಂದು ಸಾಲು. ಇದ್ದಷ್ಟು ದಿನ ಅದರದ್ದೇ ಎಲ್ಲಕ್ಕಿಂತ ಜಾಸ್ತಿ.

ಮೈ ಜುಂ ಅಂತು. ನೀವು ನಮ್ಮ ವರದಿ ಓದಿ ಬರೆದಿದ್ದೀರಾ ಅನ್ನಿಸಿತು.

ಹಳೇಗುತ್ತಿಗೆ

ಓದಬೇಕಾಗಿಲ್ಲ ಮಾರಾಯ್ರೇ, ಬರೆದಿದ್ದೇನಲ್ಲ ಅಂಥವನ್ನೇ. ಆದರೆ ದುಡುಕಬೇಡಿ. ಲಾರಿ ಹತ್ತಿ ಬಾವಿ ಮುರಿಯುವುದು ನಿಜಕ್ಕೂ ಆಗುತ್ತದೆ. ಮುರಿದಿದ್ದಕ್ಕೆ ಫೋಟೋ ಇದೆಯಾ, ಬದಲಿ ಬಾವಿ ಯಾಕೆ ಕೊರೆಯಲಿಲ್ಲ ಅಂತ ಕೇಳಿ, ಅಷ್ಟೇ. ಕಳ್ಳ ಅನ್ನಬೇಡಿ.

ನಿಧಾನಿ

ಇಲ್ಲಿ ಎಲ್ಲರೂ ಒಂದೇ ರಾಗ ಹಾಡುತ್ತಿದ್ದೀರಿ, ನಾನು ಸ್ವಲ್ಪ ಬೇರೆ ಹೇಳುತ್ತೇನೆ, ಬೈಯಬೇಡಿ.

ನಾನೂ ಇಂಥದ್ದೇ ಸಮಿತಿಯಲ್ಲಿ ಇದ್ದೆ. ನಿವಾಸಿಗಳಲ್ಲಿ ಒಬ್ಬರಿಗೆ ಪ್ರತಿ ಅಂಕಿಯ ಮೇಲೂ ಅನುಮಾನ. ಮಣ್ಣು ತೆಗೆಯುವ ಕೆಲಸ ಅವರ ತಕರಾರಿನಿಂದ ಎರಡು ಮಳೆಗಾಲ ನಿಂತಿತು. ತೆರೆದಿಟ್ಟ ಗುಂಡಿಯಲ್ಲಿ ನೀರು ನಿಂತು ಕೊಳೆ ಇನ್ನಷ್ಟು ಕೆಳಗಿಳಿಯಿತು. ಉಸ್ತುವಾರಿ ಅಂತ ಹೇಳಿ ನಾವೇ ಹಾಳು ಮಾಡಿದೆವು ಅನ್ನಿಸಿದ್ದುಂಟು. ತಜ್ಞರ ಕೆಲಸ ತಜ್ಞರು ಮಾಡಲಿ, ನಿಯಂತ್ರಣ ಮಂಡಳಿ ಇದೆ, ಅದು ನೋಡಲಿ. ಜನ ಸ್ಯಾಂಪಲ್ ತೆಗೆದರೆ ಅದೂ ಪಕ್ಷಪಾತವೇ. ಅಮೆರಿಕದ ವೋಬರ್ನ್‌ನಲ್ಲಿ ಸ್ವಯಂಸೇವಕರು ಮನೆಮನೆಗೆ ಫೋನ್ ಮಾಡಿ ಕಾಯಿಲೆಗಳ ಮಾಹಿತಿ ಕೂಡಿಸಿದರು, ಹಾರ್ವರ್ಡ್‌ನವರೇ ಜೊತೆಗಿದ್ದರು, ಆದರೂ ಕೇಳಿದವರಿಗೇ ಒಂದು ಉತ್ತರ ಬೇಕಿತ್ತು ಎಂದು ಟೀಕೆ ಬರಲಿಲ್ಲವಾ?

ನೆಲದಡಿ

ಬಂತು, ಒಪ್ಪಿದೆ. ಆದರೆ ಅದೇ ವೋಬರ್ನ್‌ನಲ್ಲಿ ನೀರಿನ ರುಚಿ, ವಾಸನೆ ಸರಿಯಿಲ್ಲ ಎಂದು ಜನ ವರ್ಷಗಟ್ಟಲೆ ಹೇಳುತ್ತಿದ್ದರು. ಹತ್ತಿರದಲ್ಲಿ ಬ್ಯಾರೆಲ್‌ಗಳು ಸಿಕ್ಕಿ, ಯಾರೋ ಪರೀಕ್ಷೆ ಮಾಡಿಸಿ, 1979ರಲ್ಲಿ ಎರಡು ಬಾವಿ ಮುಚ್ಚಿದರು. ಸಿಕ್ಕಿದ್ದರಲ್ಲಿ ಟಿಸಿಇ ಕೂಡ ಇತ್ತು. ಅಲ್ಲಿಯವರೆಗೆ ನೋಡಬೇಕಾದವರು ನೋಡುತ್ತಲೇ ಇದ್ದರು ಅಲ್ವಾ?

ನಿಮ್ಮ ತಕರಾರಿಗೆ ನನ್ನ ಹತ್ತಿರ ಇರುವ ಒಳ್ಳೆಯ ಉತ್ತರ ಜಪಾನಿನ ಕಾಮಿಯೋಕಾ ಗಣಿಯದು. ಅಲ್ಲಿಂದ ಜಿಂಜೂ ನದಿಗೆ ಕ್ಯಾಡ್ಮಿಯಂ ಹರಿದು, ಗದ್ದೆ ಸೇರಿ, ಅಕ್ಕಿ ಸೇರಿ, ಜನರ ಮೂಳೆ ಮುರಿಯತೊಡಗಿತ್ತು. ಇತಾಯ್ ಇತಾಯ್ ರೋಗ, ಅಂದರೆ ನೋವು ನೋವು. ಕೋರ್ಟಿನಲ್ಲಿ 1972ರ ಆಗಸ್ಟ್‌ನಲ್ಲಿ ಜನ ಗೆದ್ದರು. ಗೆದ್ದ ಮರುದಿನವೇ ಕಂಪನಿಯ ಕಚೇರಿಗೆ ಹೋಗಿ ಪರಿಹಾರದ ಜೊತೆ ಇನ್ನೊಂದು ಕಾಗದಕ್ಕೂ ಸಹಿ ಹಾಕಿಸಿಕೊಂಡರು. ಬೇಕಾದಾಗ ಒಳಗೆ ಬಂದು ತಪಾಸಣೆ ಮಾಡುತ್ತೇವೆ, ನಮಗೆ ಬೇಕಾದ ತಜ್ಞರನ್ನು ನಾವೇ ಕರೆತರುತ್ತೇವೆ, ಖರ್ಚು ನಿಮ್ಮದು.

ಆ ವರ್ಷದಿಂದ ಪ್ರತಿ ವರ್ಷ ರೈತರು, ವಕೀಲರು, ವಿಜ್ಞಾನಿಗಳು ಸೇರಿ ಗಣಿಯ ಒಳಗೆ ನಡೆದು ನೋಡುತ್ತಿದ್ದಾರೆ. ಮೊದಮೊದಲು ಬಾಯಿ ಜಗಳ ಇದ್ದೇ ಇರುತ್ತದೆ. ಆಮೇಲೆ ಯಾವ ಕಾಲುವೆಯಿಂದ ಎಷ್ಟು ಸೋರುತ್ತಿದೆ ಅಂತ ಇಬ್ಬರೂ ಸೇರಿ ಹುಡುಕುವ ಮಟ್ಟಕ್ಕೆ ಬಂದರು. ಗದ್ದೆಗಳ ಮಣ್ಣು ಸರಿಪಡಿಸುವ ಕೆಲಸ 1979ರಲ್ಲಿ ಶುರುವಾಗಿ 2012ರಲ್ಲಿ ಮುಗಿಯಿತು, 863 ಹೆಕ್ಟೇರ್. ಅಷ್ಟು ಕಾಲ ಜನ ಬಿಡದೆ ಹೋದರು, ಅದೂ ಯಾರಿಗೂ ಪುರುಸೊತ್ತು ಇಲ್ಲದ ಲೋಕದಲ್ಲಿ.

ಸಮಿತಿಯಲ್ಲಿ ಎರಡು ಕುರ್ಚಿ ಕೊಡುವುದಕ್ಕೂ ಇದಕ್ಕೂ ವ್ಯತ್ಯಾಸ ನೋಡಿ. ಕುರ್ಚಿಯಲ್ಲಿ ಕೂತವನು ಕೊಟ್ಟಿದ್ದನ್ನು ಓದುತ್ತಾನೆ. ಕಾಮಿಯೋಕಾದವರು ಎಲ್ಲಿ, ಯಾವಾಗ ನೋಡಬೇಕು ಅನ್ನುವುದನ್ನು ತಾವೇ ಹೇಳುತ್ತಿದ್ದರು. ನಿಮ್ಮ ಸಮಿತಿ ಎರಡು ಮಳೆಗಾಲ ಕೆಲಸ ನಿಲ್ಲಿಸಿದ್ದು ಯಾಕೆ ಗೊತ್ತಾ? ಆ ಅನುಮಾನದ ಮನುಷ್ಯನಿಗೆ ಬೇಡ ಅನ್ನುವ ಅಧಿಕಾರ ಬಿಟ್ಟು ಬೇರೆ ಏನೂ ಕೊಟ್ಟಿರಲಿಲ್ಲ. ಅವರ ಕೈಗೆ ಸ್ಯಾಂಪಲ್ ಸೀಸೆ ಕೊಟ್ಟಿದ್ದರೆ ಒಂದು ವಾರದಲ್ಲಿ ಮುಗಿಯುತ್ತಿತ್ತೇನೋ.

ನಿಧಾನಿ

ಕೊನೆ ಮಾತಿಗೆ ಉತ್ತರ ಇಲ್ಲ ನನ್ನ ಹತ್ತಿರ. ಯೋಚಿಸುತ್ತೇನೆ.

ಸುಮ್ನೆಓದ್ತೀನಿ

ಖರ್ಚು ಯಾರು ಕೊಡುತ್ತಾರೆ ಸಾರ್? ಕಂಪನಿ ದುಡ್ಡು ತಗೊಂಡ ತಜ್ಞ ನಮ್ಮ ಪರ ಹೇಗೆ ಮಾತಾಡುತ್ತಾನೆ?

ಹಳೇಗುತ್ತಿಗೆ

ದುಡ್ಡು ಯಾರದ್ದು ಅನ್ನುವುದಕ್ಕಿಂತ ಯಾರು ನೇಮಿಸುತ್ತಾರೆ, ಯಾರು ತೆಗೆಯಬಲ್ಲರು, ವರದಿ ಮೊದಲು ಯಾರ ಕೈಗೆ ಹೋಗುತ್ತದೆ ಅನ್ನುವುದು ಮುಖ್ಯ. ಕಂಪನಿ ಮೊದಲೇ ಒಂದು ಖಾತೆಗೆ ಹಣ ಹಾಕಿಬಿಡಬೇಕು, ತಜ್ಞರನ್ನು ನಿವಾಸಿಗಳು ಆರಿಸಬೇಕು. ಅಮೆರಿಕದ ಸೂಪರ್‌ಫಂಡ್ ಕಾನೂನು, ಅಂದರೆ ವಿಷ ಸೇರಿದ ಜಾಗ ಸ್ವಚ್ಛ ಮಾಡಿಸುವ ಕಾನೂನು, 1980ರದ್ದು. ಅದಕ್ಕೆ 1986ರಲ್ಲಿ ತಿದ್ದುಪಡಿ ತಂದು, ನಿವಾಸಿಗಳ ಗುಂಪು ತನ್ನದೇ ತಾಂತ್ರಿಕ ಸಲಹೆಗಾರನನ್ನು ಇಟ್ಟುಕೊಳ್ಳಲು ಸರ್ಕಾರವೇ ಅನುದಾನ ಕೊಡುವ ಹಾಗೆ ಮಾಡಿದರು, ಶುರುವಿಗೆ 50 ಸಾವಿರ ಡಾಲರ್‌ವರೆಗೆ. ಆದರೆ ಆ ಹಣದಲ್ಲಿ ಹೊಸದಾಗಿ ಸ್ಯಾಂಪಲ್ ತೆಗೆಸುವ ಹಾಗಿಲ್ಲ, ಇದ್ದ ವರದಿ ಓದಿ ಅರ್ಥ ಹೇಳಿಸಿಕೊಳ್ಳಬಹುದು ಅಷ್ಟೇ. ನನ್ನ ಮಟ್ಟಿಗೆ ಅದು ಅರ್ಧ ಉಸ್ತುವಾರಿ.

ಕೋರ್ಟ್ ಇದೆಯಲ್ಲ ಅನ್ನುವವರಿಗೆ ರಾಜಸ್ಥಾನದ ಬಿಛ್ರಿ ನೆನಪಿಸುತ್ತೇನೆ. ಬಣ್ಣ ತಯಾರಿಕೆಗೆ ಬಳಸುವ ಎಚ್ ಆಸಿಡ್ ಮಾಡುವ ಕಾರ್ಖಾನೆಯ ಕೆಸರಿನಿಂದ ಸುತ್ತಲಿನ ಬಾವಿ ನೀರು ಬಣ್ಣಗೆಟ್ಟಿತು. ಹಾಳು ಮಾಡಿದವರೇ ಖರ್ಚು ಕೊಡಬೇಕು ಅಂತ ಸುಪ್ರೀಂ ಕೋರ್ಟ್ ತೀರ್ಪು ಬಂದದ್ದು 1996ರಲ್ಲಿ. 37 ಕೋಟಿಗೂ ಜಾಸ್ತಿ ಹಣ ಬಡ್ಡಿ ಸಮೇತ ಕೊಡಿ ಅಂತ ಅದೇ ಕೋರ್ಟ್ ಮತ್ತೆ ಹೇಳಬೇಕಾಗಿ ಬಂದದ್ದು 2011ರಲ್ಲಿ. ಹದಿನೈದು ವರ್ಷ. ನೀರು ತೀರ್ಪಿಗೆ ಕಾಯುವುದಿಲ್ಲ, ಹರಿಯುತ್ತಲೇ ಇರುತ್ತದೆ.

ಲ್ಯಾಬ್‌ಹುಳ

ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಇಷ್ಟು ಹೊತ್ತು ಸುಮ್ಮನಿದ್ದೆ, ಸೀಸೆಯ ಮಾತು ಬಂತಲ್ಲ, ತಡೆಯಲಾಗಲಿಲ್ಲ.

ಮೂರನೇಬೀದಿಯವರೇ, ಜೋಡಿ ಸ್ಯಾಂಪಲ್ ಕೇಳಿ. ಒಂದೇ ಬಾವಿ, ಒಂದೇ ಗಳಿಗೆ, ಒಂದೇ ಕೊಳವೆಯಿಂದ ಬರುವ ನೀರನ್ನು ಅವರು ಅವರ ಸೀಸೆಗೆ ಹಿಡಿಯಲಿ, ನೀವು ನಿಮ್ಮದಕ್ಕೆ ಹಿಡಿಯಿರಿ. ಎರಡು ಬೇರೆ ಲ್ಯಾಬ್. ಬೇರೆ ದಿನ ಬಕೆಟ್ ಇಳಿಸಿ ತೆಗೆದರೆ ಅಂಕಿ ಬೇರೆ ಬಂದೇ ಬರುತ್ತದೆ, ಆಮೇಲೆ ಜಗಳ ಬಗೆಹರಿಯುವುದಿಲ್ಲ.

ಅಲ್ಲಿ ನಿಂತು ಏನು ನೋಡಬೇಕು? ಬಾವಿಯಲ್ಲಿ ತಿಂಗಳಿಂದ ನಿಂತ ನೀರು ಸುಳ್ಳು ಹೇಳುತ್ತದೆ, ಅದರಲ್ಲಿದ್ದ ಟಿಸಿಇ ಹಾರಿಹೋಗಿರುತ್ತದೆ. ಸಣ್ಣ ಪಂಪಿನಿಂದ ನಿಧಾನಕ್ಕೆ ಎಳೆಯಬೇಕು, ನಿಮಿಷಕ್ಕೆ ಅರ್ಧ ಲೀಟರ್ ಮೀರಬಾರದು. ಪಕ್ಕದಲ್ಲಿ ಮೀಟರ್ ಇರುತ್ತದೆ, ಪಿಎಚ್, ಉಷ್ಣಾಂಶ, ವಿದ್ಯುತ್ ವಾಹಕತೆ ತೋರಿಸುತ್ತದೆ. ಒಂದರ ಮೇಲೊಂದು ಮೂರು ಸಲ ಅಂಕಿ ಹೆಚ್ಚುಕಡಿಮೆ ಒಂದೇ ಬಂದ ಮೇಲೆ ಹಿಡಿಯುವುದು. ಬೇಗ ಬೇಗ ಅಂತ ಯಾರಾದರೂ ಅವಸರ ಮಾಡಿದರೆ ಸಮಯ ಬರೆದಿಟ್ಟುಕೊಳ್ಳಿ.

ಸೀಸೆ 40 ಎಂಎಲ್‌ನ ಸಣ್ಣ ಗಾಜಿನದು. ಒಳಗೆ ಮೊದಲೇ ಒಂದೆರಡು ಹನಿ ಹೈಡ್ರೋಕ್ಲೋರಿಕ್ ಆಮ್ಲ ಇರುತ್ತದೆ, ತೊಳೆಯಬೇಡಿ! ನನ್ನ ಹತ್ತಿರ ಶುದ್ಧ ನೀರಲ್ಲಿ ತೊಳೆದು ತಂದವರಿದ್ದಾರೆ. ಗೋಡೆಗೆ ತಾಗುವ ಹಾಗೆ ಸಣ್ಣ ಧಾರೆಯಲ್ಲಿ ತುಂಬಿಸಿ, ಬಾಯಿ ಮೇಲೆ ನೀರು ಉಬ್ಬಿ ನಿಲ್ಲಬೇಕು, ಹರಿದು ಚೆಲ್ಲಬಾರದು. ಆಮೇಲೆ ಮುಚ್ಚಳ. ತಲೆಕೆಳಗು ಮಾಡಿ ಬೆರಳಲ್ಲಿ ಟಕ್ ಟಕ್ ತಟ್ಟಿ. ಗುಳ್ಳೆ ಮೇಲೆದ್ದು ಬಂದರೆ ಆ ಸೀಸೆ ಪಕ್ಕಕ್ಕಿಟ್ಟು ಹೊಸದು ತಗೊಳ್ಳಿ, ಯಾಕೆಂದರೆ ಟಿಸಿಇ ಆ ಗುಳ್ಳೆಯೊಳಗೆ ಹೋಗಿ ಕೂರುತ್ತದೆ. ಮುಚ್ಚಳದ ಮೇಲೆ ಪಟ್ಟಿ ಅಂಟಿಸಿ ಅದರ ಮೇಲೆ ಸಹಿ, ದಿನ, ಗಂಟೆ, ನಿಮಿಷ. ಐಸ್ ಪೆಟ್ಟಿಗೆ. ಪೆಟ್ಟಿಗೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋದಾಗಲೆಲ್ಲ ಹಾಳೆಯಲ್ಲಿ ಇಬ್ಬರದೂ ಸಹಿ ಬೀಳಬೇಕು. 14 ದಿನದ ಒಳಗೆ ಪರೀಕ್ಷೆ ಆಗಬೇಕು. (ನೀರಿನಲ್ಲಿ ಕ್ರೋಮಿಯಂ-6 ಅನ್ನುವ ವಿಷಲೋಹ ಇದ್ದವರಿಗೆ ಬೇರೆ ಲೆಕ್ಕ, ಆಮ್ಲ ಹಾಕಬಾರದು, ಹಾಗೇ ಹಿಡಿದ ನೀರಿಗೆ 24 ಗಂಟೆ ಮಾತ್ರ.)

ಇನ್ನೊಂದು, ಲ್ಯಾಬಿನಿಂದಲೇ ಶುದ್ಧ ನೀರು ತುಂಬಿದ ಒಂದು ಸೀಸೆ ಕೊಡುತ್ತಾರೆ. ಅದನ್ನು ಎಲ್ಲೂ ತೆರೆಯದೆ ಪೆಟ್ಟಿಗೆಯಲ್ಲೇ ಸುತ್ತಾಡಿಸಿ ವಾಪಸ್ ತನ್ನಿ. ಅದರಲ್ಲೂ ಟಿಸಿಇ ಬಂದರೆ ದಾರಿಯಲ್ಲೇ ಏನೋ ಎಡವಟ್ಟಾಗಿದೆ ಅಂತ ಅರ್ಥ.

ಹಿತ್ತಲಬಾಗಿಲು

ನೀವೆಲ್ಲ ನೀರಿನ ಮಾತೇ ಆಡುತ್ತಿದ್ದೀರಿ. ನಾನು ಇಬ್ಬರು ಮಕ್ಕಳ ತಾಯಿ, ನಮ್ಮ ಮನೆ ಕೆಳಗೂ ಇಂಥದ್ದೇ ಒಂದು ಕೊಳಕು ಹರಿದುಹೋಗಿದೆ. ನಾವು ಬಾವಿ ನೀರು ಮುಟ್ಟುವುದೇ ಇಲ್ಲ, ಹಾಗಾಗಿ ತೊಂದರೆ ಇಲ್ಲ ಅಂದರು. ಆಮೇಲೆ ಗೊತ್ತಾಯಿತು, ಆವಿಯಾಗಿ ಮೇಲೆ ಬರುತ್ತದೆ, ನೆಲದ ಬಿರುಕಿನಿಂದ, ಪೈಪ್ ತೂರಿಸಿದ ಸಂದಿಯಿಂದ ಮನೆಯೊಳಗೆ ಸೇರುತ್ತದೆ. ನೆಲಕ್ಕೆ ಸಣ್ಣ ತೂತು ಕೊರೆದು ಅಡಿಯ ಗಾಳಿ ಹಿಡಿದು ಪರೀಕ್ಷೆ ಮಾಡುತ್ತಾರೆ. ವರದಿಯಲ್ಲಿ ಗಾಳಿಯ ಪರೀಕ್ಷೆ ಇದೆಯಾ ನೋಡಿ.

ಇನ್ನೊಂದು ಹೆಸರು ಹುಡುಕಿ, ವಿನೈಲ್ ಕ್ಲೋರೈಡ್. ನೆಲದಡಿ ಸರ್ ವಿವರಿಸಲಿ.

ನೆಲದಡಿ

ಮೇಡಂ ನನಗಿಂತ ಮೊದಲು ಹೇಳಿದರು, ನಾನೇ ಮೊದಲ ದಿನ ಬರೆಯಬೇಕಿತ್ತು. ಆಮ್ಲಜನಕ ಇಲ್ಲದ ಕಡೆ ಬ್ಯಾಕ್ಟೀರಿಯಾಗಳು ಟಿಸಿಇಯ ಒಂದೊಂದೇ ಕ್ಲೋರಿನ್ ಕಿತ್ತು ಹಾಕುತ್ತವೆ. ಮೂರು ಕ್ಲೋರಿನ್ ಇದ್ದದ್ದು ಎರಡಾಗಿ ಡಿಸಿಇ, ಆಮೇಲೆ ಒಂದಾಗಿ ವಿನೈಲ್ ಕ್ಲೋರೈಡ್, ಕೊನೆಗೆ ಎಥಿಲೀನ್, ಅದರಿಂದ ತೊಂದರೆ ಇಲ್ಲ. ಆದರೆ ಎಷ್ಟೋ ಕಡೆ ಮಧ್ಯದಲ್ಲೇ ನಿಂತುಬಿಡುತ್ತದೆ. ವಿನೈಲ್ ಕ್ಲೋರೈಡ್ ಕ್ಯಾನ್ಸರ್ ತರುವಂಥದ್ದು, ಅಮೆರಿಕದಲ್ಲಿ ಅದರ ಮಿತಿ 2 ಮೈಕ್ರೋಗ್ರಾಂ, ಟಿಸಿಇಗಿಂತ ಬಿಗಿ. ಹಾಗಾಗಿ "ಟಿಸಿಇ ಕಡಿಮೆಯಾಗಿದೆ" ಎಂದರೆ ಹೋಗಿದೆ ಅಂತಲೂ ಇರಬಹುದು, ವೇಷ ಬದಲಿಸಿದೆ ಅಂತಲೂ ಇರಬಹುದು. ಮಗುವನ್ನೂ ಎಣಿಸದೆ ತಾಯಿಯ ಲೆಕ್ಕ ಒಪ್ಪಬೇಡಿ.

ಮೂಲೆಮನೆ

ನಾನು ಇವರ ಬೀದಿಯವನೇ. ಎಲ್ಲರೂ ಹುರಿದುಂಬಿಸುತ್ತಿದ್ದೀರಿ, ಸಂತೋಷ. ಮನೆ ಮಾರಬೇಕು ಅಂತ ಆರು ತಿಂಗಳಿಂದ ಒದ್ದಾಡುತ್ತಿದ್ದೇನೆ. ಈ ಫಲಿತಾಂಶ ಎಲ್ಲ ಬೋರ್ಡಿಗೆ ಅಂಟಿಸಿದರೆ ಯಾರು ಬರುತ್ತಾರೆ? ನಮ್ಮ ಮನೆ ಅಂಗಳದಲ್ಲಿ ಬಾವಿ ಕೊರೆಯಲು ಕೇಳಿದಾಗ ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಸ್ವಚ್ಛ ಅಂತ ಒಂದು ಕಾಗದ ಸಿಕ್ಕರೆ ಎಲ್ಲರಿಗೂ ಒಳ್ಳೆಯದು.

ಹಿತ್ತಲಬಾಗಿಲು

ನಿಮ್ಮ ಕಷ್ಟ ಅರ್ಥವಾಗುತ್ತದೆ ಅಣ್ಣ, ನಾವೂ ಅದೇ ದೋಣಿಯಲ್ಲಿದ್ದೇವೆ. ಆದರೆ ಆ ಮನೆ ಕೊಳ್ಳುವವರಿಗೂ ಮಕ್ಕಳಿರುತ್ತಾರೆ ಅಲ್ವಾ.

ಹಳೇಗುತ್ತಿಗೆ

ಕಾಗದದ ಮಾತು ಬಂತಲ್ಲ. ನಯಾಗರಾ ಫಾಲ್ಸ್ ಪಟ್ಟಣದ ಲವ್ ಕೆನಾಲ್‌ನಲ್ಲೂ ಕಾಗದ ಇತ್ತು. ಹುಕರ್ ಕೆಮಿಕಲ್ ಕಂಪನಿ 1942ರಿಂದ ಹತ್ತು ವರ್ಷ ಸುಮಾರು 21,000 ಟನ್ ರಾಸಾಯನಿಕ ಹೂತು, 1953ರಲ್ಲಿ ಆ ಜಾಗವನ್ನು ಶಾಲಾ ಮಂಡಳಿಗೆ ಒಂದು ಡಾಲರಿಗೆ ಕೊಟ್ಟಿತು. ಕೆಳಗೆ ರಾಸಾಯನಿಕ ಇದೆ, ಮುಂದೆ ನಮ್ಮನ್ನು ಕೇಳಬೇಡಿ ಅಂತ ಕ್ರಯಪತ್ರದಲ್ಲೇ ಬರೆದಿತ್ತು. ಶಾಲೆ ಕಟ್ಟಿದರು, ಸುತ್ತ ಮನೆ ಬಂದವು. 1978ರಲ್ಲಿ ಲೋಯಿಸ್ ಗಿಬ್ಸ್ ಮತ್ತು ಅಕ್ಕಪಕ್ಕದ ಮನೆಯವರು ಬೀದಿಗಿಳಿಯುವವರೆಗೆ ಆ ಸಾಲು ಯಾರಿಗೂ ಬೇಡವಾಗಿತ್ತು. ಕಾಗದ ತಾನಾಗಿ ಎದ್ದು ಬಂದು ಯಾರಿಗೂ ಹೇಳುವುದಿಲ್ಲ.

ಎಷ್ಟು ಸ್ವಚ್ಛ ಆದರೆ ಸ್ವಚ್ಛ ಅನ್ನುವುದೂ ಅಷ್ಟೇ. ಕೊಡೈಕೆನಾಲ್‌ನ ಥರ್ಮಾಮೀಟರ್ ಕಾರ್ಖಾನೆ 2001ರಲ್ಲಿ ಮುಚ್ಚಿತು, ಪಾದರಸದ ಗಾಜಿನ ಚೂರು ಗುಜರಿಯಲ್ಲಿ ಸಿಕ್ಕಿದ ಮೇಲೆ. ಅಲ್ಲಿಯ ಮಣ್ಣಿನಲ್ಲಿ ಕೆಜಿಗೆ 20 ಮಿಲಿಗ್ರಾಂವರೆಗೆ ಪಾದರಸ ಉಳಿಯಬಹುದಾ, ಇನ್ನೂ ಬಿಗಿ ಬೇಕಾ ಅಂತ ವರ್ಷಗಟ್ಟಲೆ ಜಗಳ ನಡೆಯಿತು. ಮನೆ ಕಟ್ಟುವ ಜಾಗಕ್ಕೆ ಒಂದು ಲೆಕ್ಕ, ಕಾಡಿನ ಅಂಚಿಗೆ, ನೀರು ಹರಿಯುವ ಇಳಿಜಾರಿಗೆ ಇನ್ನೊಂದು ಲೆಕ್ಕ. ಅಂಕಿ ವಿಜ್ಞಾನದಿಂದ ಬರುತ್ತದೆ ಸರಿ, ಆದರೆ ಆ ಜಾಗ ಮುಂದೆ ಏನಾಗಬೇಕು ಅಂತ ಯಾರೋ ಮೊದಲೇ ತೀರ್ಮಾನ ಮಾಡಿರುತ್ತಾರೆ. ಅಲ್ಲಿ ಬಾಯಿ ಹಾಕಬೇಕು, ಅಂಕಿ ಬಂದ ಮೇಲಲ್ಲ.

ಮೂರನೇಬೀದಿ

ಐದು ವಾರ ಆಯಿತು, ಸುದ್ದಿ ಹೇಳಲು ಬಂದೆ.

ಸಹಿ ಹಾಕಲಿಲ್ಲ. ಜೋಡಿ ಸ್ಯಾಂಪಲ್ ಬೇಕು ಅಂದೆವು. ಮೊದಲು ಮುಖ ಗಂಟು ಹಾಕಿದರು, ಆಮೇಲೆ ಮೂರು ಬಾವಿಗೆ ಒಪ್ಪಿದರು. ಯಾವ ಮೂರು ಅಂತ ನಾವು ಹೇಳುತ್ತೇವೆ ಅಂದಾಗ ಐದು ನಿಮಿಷ ಯಾರೂ ಮಾತಾಡಲಿಲ್ಲ.

ಬೆಳಗ್ಗೆ ಏಳಕ್ಕೆ ಹೋದೆವು, ನಾನು ಮತ್ತು ಸಮಿತಿಯ ಇನ್ನೊಬ್ಬರು. ಸ್ಯಾಂಪಲ್ ತೆಗೆಯುವ ಹುಡುಗ ತುಂಬಾ ಒಳ್ಳೆಯವನು. ಮೀಟರ್ ಹೇಗೆ ಓದುವುದು ಅಂತ ಅವನೇ ತೋರಿಸಿದ. ನನ್ನ ಮೊದಲ ಮೂರು ಸೀಸೆಯಲ್ಲೂ ಗುಳ್ಳೆ. ಕೈ ನಡುಗುತ್ತಿತ್ತು, ನಾಲ್ಕನೆಯದು ತಟ್ಟಿದಾಗ ಏನೂ ಏಳಲಿಲ್ಲ, ಮಗು ಹುಟ್ಟಿದಷ್ಟು ಖುಷಿ! ಬಾವಿ 6 ತೋರಿಸು ಅಂದೆ. ಹುಲ್ಲಿನ ಮಧ್ಯೆ ಬಾಗಿದ ಕಬ್ಬಿಣದ ಮುಚ್ಚಳ, ಪಕ್ಕದಲ್ಲಿ ಹಳೇ ಚಕ್ರದ ಗುರುತು. ನಿಜವಾಗಿಯೂ ಲಾರಿ ಹತ್ತಿತ್ತು. ಹಳೇಗುತ್ತಿಗೆ ಸರ್, ನಾನು ಕಳ್ಳ ಅನ್ನದೇ ಇದ್ದದ್ದು ಒಳ್ಳೆಯದಾಯಿತು.

ಫಲಿತಾಂಶ ಬಂತು. ಟಿಸಿಇ ವಿಷಯದಲ್ಲಿ ಎರಡೂ ಲ್ಯಾಬ್ ಹೆಚ್ಚುಕಡಿಮೆ ಒಂದೇ ಹೇಳುತ್ತಿವೆ. ಅವರು ಸುಳ್ಳು ಹೇಳಿರಲಿಲ್ಲ. ಆದರೆ ನಾವು ವಿನೈಲ್ ಕ್ಲೋರೈಡ್ ಕೂಡ ನೋಡಿಸಿದೆವು, ಅವರ ಪಟ್ಟಿಯಲ್ಲಿ ಆ ಹೆಸರೇ ಇರಲಿಲ್ಲ. ಬಾವಿ 6ಕ್ಕೆ ಹತ್ತಿರದ ಬಾವಿಯಲ್ಲಿ ಅದು ಮಿತಿಗಿಂತ ಜಾಸ್ತಿ ಇದೆ. ಸಲಹೆಗಾರರು ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಪರವಾನಗಿಯಲ್ಲಿ ಕೇಳಿರಲಿಲ್ಲ" ಅಂದರು. ಅದೂ ನಿಜವೇ.

ಮನೆಗಳ ಗಾಳಿ ಪರೀಕ್ಷೆಗೂ ಅರ್ಜಿ ಕೊಟ್ಟೆವು. ಹನ್ನೊಂದು ಮನೆಯವರು ಒಪ್ಪಿದ್ದಾರೆ, ಮನೆ ನಂಬರ್ ಹೊರಗೆ ಹಾಕುವುದಿಲ್ಲ ಅಂತ ಮಾತು ಕೊಟ್ಟ ಮೇಲೆ. ಮೂಲೆಮನೆಯವರು ಇನ್ನೂ ಇಲ್ಲ.

ನಿಧಾನಿ

ಒಪ್ಪಿದೆ, ನಾನು ತಪ್ಪು ಹೇಳಿದ್ದೆ. ಪೂರ್ತಿ ಅಲ್ಲ, ಅರ್ಧ. ಮುಂದೇನು? ಪಂಪ್ ಹೀಗೇ ಕೊನೆ ಇಲ್ಲದೆ ಓಡಬೇಕಾ? ಅದಕ್ಕೂ ಕರೆಂಟು, ಇದ್ದಿಲು ಎಲ್ಲ ಬೇಕು.

ನೆಲದಡಿ

ಬೇಕಿಲ್ಲ. ವಿನೈಲ್ ಕ್ಲೋರೈಡ್ ಎಲ್ಲಿಯವರೆಗೆ ಹಬ್ಬಿದೆ ಅಂತ ಗೊತ್ತಾದ ಮೇಲೆ ಪಂಪ್ ನಿಲ್ಲಿಸಿ ನೋಡುವುದೇ ಸರಿ, ಆದರೆ ಪರೀಕ್ಷೆಗಾಗಿ ಅಂತ ಬರೆದು ನಿಲ್ಲಿಸಬೇಕು. ಕಿತ್ತು ಸಾಗಿಸುವ ಹಾಗಿಲ್ಲ. ಕನಿಷ್ಠ ಒಂದು ವರ್ಷ, ಮೂರು ತಿಂಗಳಿಗೊಮ್ಮೆ ಸ್ಯಾಂಪಲ್, ಮಳೆಗಾಲ ಬೇಸಿಗೆ ಎರಡೂ ಸೇರಬೇಕು. ಯಾವ ಅಂಕಿ ಮುಟ್ಟಿದರೆ ಪಂಪ್ ಮತ್ತೆ ಶುರು ಅನ್ನುವುದನ್ನು ಈಗಲೇ ಬರೆಸಿಕೊಳ್ಳಿ, ಆಮೇಲೆ ಚರ್ಚೆ ಬೇಡ.

ಒಂದು ಎಚ್ಚರಿಕೆ. ಪಂಪ್ ಓಡುವಾಗ ನೀರು ಪಂಪಿನ ಕಡೆ ಎಳೆಯಲ್ಪಡುತ್ತದೆ. ನಿಂತ ಮೇಲೆ ತನ್ನ ಹಳೇ ದಾರಿ ಹಿಡಿಯುತ್ತದೆ. ಈಗಿರುವ ಬಾವಿಗಳು ಆ ದಾರಿಯಲ್ಲಿ ಇಲ್ಲದೇ ಇರಬಹುದು. ಪಂಪ್ ನಿಂತ ಒಂದೆರಡು ವಾರಕ್ಕೆ, ಒಂದೇ ಸಾಲಿನಲ್ಲಿಲ್ಲದ ಮೂರು ಬಾವಿಯಲ್ಲಿ, ಒಂದೇ ದಿನ ನೀರಿನ ಮಟ್ಟ ಅಳೆಯಿರಿ. ಬಾವಿ ಬಾಯಿಗಳ ಎತ್ತರ ಸರ್ವೆ ಹಾಳೆಯಲ್ಲಿ ಇರುತ್ತದೆ, ಅದರಿಂದ ಕಳೆದರೆ ಯಾವ ಕಡೆ ತಗ್ಗು ಅಂತ ನೀವೇ ಹಾಳೆ ಮೇಲೆ ಗೆರೆ ಎಳೆಯಬಹುದು, ಶಾಲೆಯ ಲೆಕ್ಕ. ಬಾವಿ 6ರ ಬದಲಿ ಬಾವಿಯನ್ನು ಆ ಗೆರೆ ನೋಡಿದ ಮೇಲೆ ಕೊರೆಸಿ. ಹಳೇ ಜಾಗದಲ್ಲೇ ಕೊರೆಯಲು ಅವಸರ ಮಾಡಿದರೆ ಬೇಡ ಅನ್ನಿ.

ಮೂಲೆಮನೆ

ಆ ಗೆರೆ ನಮ್ಮ ಅಂಗಳಕ್ಕೆ ಬಂದರೆ?

ನೆಲದಡಿ

ಬಂದರೂ ಬರಬಹುದು ಸರ್. ಬೀದಿ ಬದಿಯ ಜಾಗದಲ್ಲಿ ಕೊರೆಯುವಂತೆ ಕೇಳಬಹುದು, ಹತ್ತಾರು ಅಡಿ ಆಚೀಚೆ ಆದರೆ ನಡೆಯುತ್ತದೆ.

ಮೂಲೆಮನೆ

ಬೀದಿಯಲ್ಲಾದರೆ ನನ್ನದೇನೂ ತಕರಾರಿಲ್ಲ. ಅಳೆಯುವ ದಿನ ಹೇಳಿ, ಟೇಪ್ ಹಿಡಿಯಲು ಬರುತ್ತೇನೆ.

ಲ್ಯಾಬ್‌ಹುಳ

ಮೂರನೇಬೀದಿಯವರೇ, ನೀವು ಕಳಿಸಿದ ಫೋಟೋದಲ್ಲಿ ಪೆಟ್ಟಿಗೆಯ ಥರ್ಮಾಮೀಟರ್ 9 ಡಿಗ್ರಿ ತೋರಿಸುತ್ತಿದೆ. 6 ದಾಟಬಾರದು. ಮುಂದಿನ ಸಲ ಐಸ್ ಜಾಸ್ತಿ ಹಾಕಿ, ಇಲ್ಲದಿದ್ದರೆ ಅವರ ವಕೀಲರು ಹಿಡಿಯುವುದು ಅದನ್ನೇ.